ಅಪ್ಪನ ಮೂಗು

ಮೊದಲು ಹನ್ನೆರಡು ಮುಖವನ್ನೂ ಒಂದೇ ಥರ ಕೆತ್ತಿದ್ದೆ.
ಶಿಲುಬೆಯ ಕೆಳಗೆ ನಿಂತ ಜನ, ಅಷ್ಟೆ.
ಕೆಲವರಿಗೆ ಗಡ್ಡ, ಒಬ್ಬನಿಗೆ ಬಕ್ಕತಲೆ,
ಬೆರಳು ಮಾತ್ರ ಎಂದಿನಂತೆ ಸೊಟ್ಟ.
ಬೆರಳು ನನ್ನ ಕೈಗೆ ಒಲಿದದ್ದೇ ಇಲ್ಲ,
ಗುರು ಬೈದೂ ಬೈದೂ ಸತ್ತ.

ಪಾದ್ರಿ ಹಾರ್ಟ್‌ವಿಗ್ ಏಣಿ ಹತ್ತಿ ಬಂದರು, ಏದುಸಿರು,
ಗೋಡೆಗೆ ಕೈಯೂರಿ ನೋಡಿದರು:
"ವೋಲ್ಮಾರ್, ಇದರಲ್ಲಿ ಯೆಹೂದಿ ಯಾರು?"
ಎಲ್ಲರೂ ಅಲ್ಲವೇ ಸ್ವಾಮಿ, ಎಂದೆ,
ಮೇಲಿರುವಾತನೂ ಸೇರಿ?
ಅವರು ನಗಲಿಲ್ಲ.

ಚೂಪು ಟೋಪಿ ಇಟ್ಟೆ.
ಅದಕ್ಕೂ ಆಗಷ್ಟೇ ಕಾನೂನು ಬಂದಿತ್ತು:
ತೊಟ್ಟುಕೊಂಡೇ ತಿರುಗಬೇಕು ಅವರು,
ಇಲ್ಲದಿದ್ದರೆ ಗುರುತು ಹತ್ತುವುದಿಲ್ಲವಂತೆ.
ಗುರುತು ಹತ್ತುವುದಿಲ್ಲ ಎಂದು
ಕಾನೂನೇ ಒಪ್ಪಿಕೊಂಡಂತಾಯಿತಲ್ಲ!
ಅಂದು ಇದು ಹೊಳೆಯಲಿಲ್ಲ ನನಗೆ.
"ಟೋಪಿ ಮಳೆಗೆ ಸವೆಯುತ್ತದೆ, ಪಾರಿವಾಳ ಕೂರುತ್ತವೆ,
ಮುಖದಲ್ಲೇ ಕಾಣಬೇಕು" ಎಂದರು.

ನಾನು ಬಲ್ಲ ಯೆಹೂದಿ ಒಬ್ಬನೇ, ಸೆಲಿಗ್ಮನ್,
ರೊಟ್ಟಿಯಂಗಡಿಯ ಹಿಂದಿನ ಓಣಿಯವನು.
ಅವನ ಮೂಗು ಚಪ್ಪಟೆ, ತುದಿಗೊಂದು ನರೂಲಿ,
ನೆಗಡಿ ಬಂದರೆ ಕೆಂಡದಷ್ಟು ಕೆಂಪು.
ಅದು ಕೆಳಗಿನಿಂದ ಯಾರಿಗೂ ಕಾಣುವಂಥದ್ದಲ್ಲ.
ಎರಡು ರಾತ್ರಿ ನಿದ್ದೆಗೆಟ್ಟೆ.
ಮೂರನೆಯ ದಿನ ಉಳಿ ತಾನಾಗಿ ನಡೆಯಿತು:
ಕುಡುಗೋಲಿನಂತೆ ಬಾಗಿ ತುಟಿಯ ಮೇಲಿಳಿವ ಮೂಗು.

ಅದು ಅಪ್ಪನದು.
ಕಲ್ಲುಗಣಿಯಲ್ಲಿ ಧೂಳು ತಿಂದು ಸತ್ತ ನನ್ನಪ್ಪ,
ಭಾನುವಾರ ತಪ್ಪದೆ ಮೊಣಕಾಲೂರಿದವನು.
ಕಣ್ಣು ಮುಚ್ಚಿ ಕೆತ್ತಬಲ್ಲ ಮೂಗು
ನನಗೆ ಅದೊಂದೇ.

"ಹಾಂ, ಇವನೇ!" ಪಾದ್ರಿ ಗುರುತು ಹಿಡಿದರು.
"ಕೈಗೊಂದು ಹಣದ ಚೀಲವನ್ನೂ ಕೊಡು."

ಕೊಟ್ಟೆ.
ಆ ಚೀಲದ ಕತೆ ನನಗೂ ಗೊತ್ತಿತ್ತು, ಅವರಿಗೂ.
ಗೋಡೆ ಅರ್ಧಕ್ಕೆ ನಿಂತಾಗ
ಇಗರ್ಜಿಯ ಬೆಳ್ಳಿಬಟ್ಟಲನ್ನು ನಿಲುವಂಗಿಯೊಳಗೆ ಮುಚ್ಚಿಕೊಂಡು
ಸೆಲಿಗ್ಮನ್‌ನ ಹಿತ್ತಲ ಬಾಗಿಲು ತಟ್ಟಿದವರು ಅವರೇ.
ಆ ವರ್ಷ ನನ್ನ ಕೂಲಿ ಬಂದದ್ದು ಅಲ್ಲಿಂದ.
ಸೆಲಿಗ್ಮನ್‌ನ ತಾತ ಚರ್ಮ ಹದಮಾಡುತ್ತಿದ್ದನಂತೆ.
ಕಸುಬಿನ ಸಂಘ ಕಟ್ಟಿದವರು, ನಮ್ಮವನಲ್ಲ, ಎಂದರು.
ಹೊಲ ಕೇಳಿದ. ಕೂಡದು.
ದ್ರಾಕ್ಷಿ ತೋಟ ಕೇಳಿದ. ಅದೂ ಕೂಡದು.
ತೆರೆದಿದ್ದ ಒಂದೇ ಬಾಗಿಲೊಳಗೆ ನೂಕಿ
ಹೊರಗೆ ನಿಂತು ಆಡಿಕೊಂಡರು:
ಬಡ್ಡಿ ಬಿಟ್ಟರೆ ಇವರಿಗೆ ಬೇರೇನು ಗೊತ್ತು?
ಆ ಬಡ್ಡಿಯಲ್ಲಿ ಮೂರರಲ್ಲೊಂದು ಪಾಲು
ಕತ್ತಲಾದ ಮೇಲೆ ಬಿಷಪ್ಪರ ಮನೆ ಸೇರುತ್ತಿತ್ತು.
ಅದನ್ನು ಕೆತ್ತು ಎಂದು ಯಾರೂ ಹೇಳಲಿಲ್ಲ,
ನಾನೂ ಕೇಳಲಿಲ್ಲ.

ಅಟ್ಟಣೆ ಬಿಚ್ಚಿದರು.
ಇಪ್ಪತ್ತು ಚಳಿಗಾಲ ಕಳೆದವು.
ಓದು ಬಾರದ ಊರಿಗೆ ಗೋಡೆಯೇ ಪುಸ್ತಕ;
ಕಂಕುಳ ಕೂಸಿಗೆ ತಾಯಂದಿರು
ಗುಮ್ಮನನ್ನು ತೋರಿಸಿದಂತೆ ತೋರಿಸಿದರು.

ಒಂದು ಬೇಸಿಗೆ ಬಾವಿ ಕೆಟ್ಟು ಮೂವರು ಸತ್ತರು.
ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು.
ಸಂಜೆಯೊಳಗೆ ಎಲ್ಲರೂ ಕಂಡಿದ್ದರು
ಬಾವಿಕಟ್ಟೆಯ ಮೇಲೆ ಬಗ್ಗಿದ ಒಂದು ಬಾಗುಮೂಗು.
ಸೆಲಿಗ್ಮನ್‌ನ ಚಪ್ಪಟೆ ಮೂಗನ್ನು
ದಿನಾ ನೋಡುತ್ತಿದ್ದ ರೊಟ್ಟಿಯವಳೂ ಆಣೆಯಿಟ್ಟಳು.

ಅಷ್ಟರಲ್ಲಿ ನಾನೂ ಮುದುಕನಾಗಿದ್ದೆ.
ಕೆನ್ನೆಯ ಮಾಂಸ ಇಳಿದು
ಮುಖದೊಳಗಿಂದ ಅಪ್ಪ ಎದ್ದು ಬಂದಿದ್ದ.
ಮೀನುಪೇಟೆಯ ತಿರುವಿನಲ್ಲಿ ಹುಡುಗನೊಬ್ಬ ಅಡ್ಡಗಟ್ಟಿದ,
ಕೈಯಲ್ಲಿ ಕಲ್ಲು, ಹಿಂದೆ ಐದಾರು ಜನ:
"ಇವನೇ, ನೋಡಿ, ಇಗರ್ಜಿಯ ಮೇಲಿರುವವನು!"

ಹೇಳಬಹುದಿತ್ತು.
ಅದು ನನ್ನಪ್ಪ ಕಣೋ, ನಿನ್ನಜ್ಜನ ಜೊತೆ ಕಲ್ಲು ಒಡೆದವನು,
ಆ ಮುಖ ಯಾರದೂ ಅಲ್ಲ,
ಒಬ್ಬ ಬಡಪಾಯಿ ಕಸುಬಿಗನ ಅವಸರ ಎಂದು.

ನಾನಲ್ಲ, ಎಂದೆ.
ರೊಟ್ಟಿಯಂಗಡಿಯ ಹಿಂದಿನ ಓಣಿಯತ್ತ ಕೈಯೆತ್ತಿದೆ.

ಜೀವಮಾನದಲ್ಲಿ ಅದೇ ಮೊದಲ ಸಲ
ಬೆರಳು ನೆಟ್ಟಗೆ ಬಂತು.